ವಿಮರ್ಶಕನ ಋಣ ಯಾರಿಗೆ?

ಈ ಪತ್ರಿಕೆಯ ಕಡೆಯ ಪುಟಗಳಲ್ಲಿ ಬರುವ ಗ್ರಂಥವಿಮರ್ಶೆಯ ಭಾರವನ್ನು ಸಂಘದವರು ನನಗೆ ವಹಿಸಿ ಈ ತಿಂಗಳಿಗೆ ಒಂದು ವರ್ಷ ತುಂಬಿತು. ಹನ್ನೆರಡು ಸಂಚಿಕೆಗಳಲ್ಲಿ ೩೧ ಪುಸ್ತಕಗಳ ವಿಚಾರವಾಗಿ ಬರೆದಿದ್ದೇನೆ. ಮೊನ್ನೆ ಆ ಸಂಚಿಕೆಗಳನ್ನೆಲ್ಲ ಮುಂದಿಟ್ಟುಕೊಂಡು ತಿರುವಿಹಾಕಿದಾಗ, ಅವುಗಳ ಪೈಕಿ ೨೬ನ್ನು ಹೊಗಳಿದ್ದೇನೆಂದು ಕಂಡಿತು. ಒಂದೇ ಜಿಲ್ಲೆಯಲ್ಲಿ ಒಂದೇ ವರ್ಷದಲ್ಲಿ ೨೬ ಉತ್ತಮ ಗ್ರಂಥಗಳು ಹುಟ್ಟಿದುವೆಂದರೆ ಸರಸ್ವತಿಯು ಹಾಸನದಲ್ಲಿಯೇ ಮನೆ ಮಾಡಿಕೊಂಡಿದ್ದಾಳೆಂದು ಹೇಳಬೇಕಾದೀತು. ವಸ್ತುಸ್ಥಿತಿ ಹಾಗಿಲ್ಲವೆಂಬುದನ್ನು ವಾಚಕಮಹಾಶಯರೆಲ್ಲರೂ ಬಲ್ಲರು. ಹೊಗಳಿದವನು ನಾನು, ಆದಕಾರಣ ತಪ್ಪು ನನ್ನದು. ಅದನ್ನು ಒಪ್ಪಿಕೊಂಡು, ಆ ತಪ್ಪು ನನ್ನೊಬ್ಬನಲ್ಲಿಯೇ ನಿಂತಿಲ್ಲವೆಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶ.

ಈಗ ನಮ್ಮಲ್ಲಿ ಒಂದು ಪುಸ್ತಕವು ಓದುವವನ ಕೈಗೆ ಬರುವುದಕ್ಕೆ ಮೊದಲೇ ಅದಕ್ಕೆ ಮೂರು ಮರ್ಯಾದೆಗಳು ನಡೆದಿರುತ್ತವೆ. ಮುನ್ನುಡಿಯಲ್ಲಿ ಒಬ್ಬ ವಿದ್ವಾಂಸರು ಹರಸುತ್ತಾರೆ. ಬೆನ್ನುಡಿಯಲ್ಲಿ ಇನ್ನೊಬ್ಬರು ಮೆಚ್ಚುತ್ತಾರೆ. ಬಿಡುಗಡೆಯ ದಿವಸ ಮೂರನೆಯವರು, ಪುಸ್ತಕವು ತಮ್ಮ ಕೈಸೇರಿದ್ದು ನಿನ್ನೆ ರಾತ್ರಿಯೆಂದು ಹೇಳಿ, ಅರ್ಧ ಗಂಟೆ ಕೊಂಡಾಡುತ್ತಾರೆ. ನಾಲ್ಕನೆಯವನಾದ ವಿಮರ್ಶಕನೂ ಅದೇ ಪಲ್ಲವಿಯನ್ನು ಹಾಡುವುದಾದರೆ ಅವನಿಗೆ ವಿಮರ್ಶಕನೆಂಬ ಹೆಸರೇತಕ್ಕೆ? ಹೊಗಳುಭಟ್ಟನೆಂಬ ಹಳೆಯ ಹೆಸರೇ ಸಾಕು.

ಇದು ಕೇವಲ ಶಿಷ್ಟಾಚಾರದ ಮಾತು, ಇದರಿಂದ ಯಾರಿಗೇನು ನಷ್ಟ ಎಂದು ನಾನೂ ಬಹುಕಾಲ ಭಾವಿಸಿದ್ದೆನು. ವರ್ಷದ ಎರಡನೆಯ ತಿಂಗಳಲ್ಲಿ ಬೇಲೂರು ಸೀಮೆಯ ಚರಿತ್ರೆಯನ್ನು ಕುರಿತ ಒಂದು ಪುಸ್ತಕ ಬಂತು. ಗ್ರಂಥಕರ್ತರು ಪಾಠಶಾಲೆಯಲ್ಲಿ ನನ್ನ ಸಹಪಾಠಿಗಳು. ಅರ್ಧ ಓದಿ, ಉಳಿದರ್ಧವನ್ನು ಸ್ನೇಹದಿಂದ ತುಂಬಿಕೊಂಡು, 'ಪ್ರತಿಯೊಂದು ಶಾಲೆಯಲ್ಲಿಯೂ ಇರತಕ್ಕ ಸಂಗ್ರಹಯೋಗ್ಯ ಗ್ರಂಥ' ಎಂದು ಬರೆದೆನು. ನಾನು ಓದದೆ ಬಿಟ್ಟ ಪುಟಗಳಲ್ಲೊಂದರಲ್ಲಿ, ಹಲ್ಮಿಡಿ ಶಾಸನವನ್ನು ಕಂಡುಹಿಡಿದವರು ಬಿ. ಎಲ್. ರೈಸ್ ಎಂದೂ ಅದನ್ನು ಅವರೇ ತಮ್ಮ ಹಾಸನ ಸಂಪುಟದಲ್ಲಿ ಅಚ್ಚು ಹಾಕಿಸಿದರೆಂದೂ ಇತ್ತು. ಎಪಿಗ್ರಾಫಿಯಾ ಕರ್ನಾಟಿಕದ ಐದನೆಯದಾದ ಆ ಸಂಪುಟವು ಪ್ರಕಟವಾದದ್ದು ೧೯೦೨ರಲ್ಲಿ. ರೈಸ್ ಅವರು ೧೯೨೭ರಲ್ಲಿಯೇ ಕಾಲವಾದರು. ಹಲ್ಮಿಡಿ ಶಾಸನವನ್ನು ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದದ್ದು ೧೯೩೬ರಲ್ಲಿ. ನಮ್ಮ ಜಿಲ್ಲೆಯ ಮಣ್ಣಿನಲ್ಲಿಯೇ ದೊರೆತ, ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲೊಂದೆಂದು ನಾಡೆಲ್ಲ ಗೌರವಿಸುವ ಕಲ್ಲಿನ ವಿಚಾರದಲ್ಲಿ ಈ ತಪ್ಪು! ಕಪಾಟಿನಿಂದ ಒಂದು ಪುಸ್ತಕವನ್ನು ತೆಗೆದು ನೋಡುವ ಶ್ರಮವನ್ನು ನಾನು ವಹಿಸಿದ್ದರೆ ಅದು ಆಗಲೇ ಸಿಕ್ಕಿಬೀಳುತ್ತಿತ್ತು.

ನನ್ನ ಮಾತನ್ನು ನಂಬಿ ಒಂದು ಹಳ್ಳಿಯ ಪ್ರೌಢಶಾಲೆಯ ಉಪಾಧ್ಯಾಯರು ತಮ್ಮತಮ್ಮೊಳಗೆ ಹಣ ಕೂಡಿಸಿ ಆರು ಪ್ರತಿಗಳನ್ನು ಕೊಂಡರು. ಆ ಶಾಲೆಯ ಒಬ್ಬ ಬಾಲಿಕೆಯು ಭಾಷಣಸ್ಪರ್ಧೆಯಲ್ಲಿ ಈ ವಿಷಯವನ್ನು ಪುಸ್ತಕದಲ್ಲಿದ್ದಂತೆಯೇ ಹೇಳಿದಳು. ತೀರ್ಪುಗಾರರು ತಪ್ಪೆಂದರು. ಅವಳು ಧೈರ್ಯವಾಗಿ, 'ಪುಸ್ತಕದಲ್ಲಿದೆ, ನಮ್ಮ ಮೇಷ್ಟ್ರು ತೋರಿಸಿದ್ದಾರೆ' ಎಂದಳಂತೆ. ಸಭೆಯು ನಕ್ಕಿತಂತೆ. ಆ ಉಪಾಧ್ಯಾಯರು ನನಗೆ ಬರೆದ ಪತ್ರದಲ್ಲಿ ಒಂದು ಕಠಿಣವಾದ ಮಾತಾದರೂ ಇಲ್ಲ. 'ತಾವು ಬರೆದುದರಿಂದ ಕೊಂಡೆವು' ಎಂದಿಷ್ಟೇ ಇದೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕಾಗಿರಲಿಲ್ಲ.

ಸುಮಾರು ೧೧೦೦ ವರ್ಷಗಳ ಹಿಂದೆ ಕನ್ಯಾಕುಬ್ಜದ ರಾಜಾಸ್ಥಾನದಲ್ಲಿದ್ದ ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಕಾವ್ಯವನ್ನು ಪರೀಕ್ಷಿಸುವವರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾನೆ. ಅರೋಚಕಿಗೆ ಏನೂ ರುಚಿಸದು. ಸತೃಣಾಭ್ಯವಹಾರಿಯು ಧಾನ್ಯದೊಡನೆ ಹುಲ್ಲನ್ನೂ ತಿನ್ನುವವನು. ಮತ್ಸರಿಗೆ ಗುಣವು ಕಂಡರೂ ಬಾಯಿ ಬಾರದು. ತತ್ತ್ವಾಭಿನಿವೇಶಿಯು ನಿಜವನ್ನು ಅರಸುವವನು; ಅಂಥವನು ಸಾವಿರದಲ್ಲಿ ಒಬ್ಬನಿದ್ದರೆ ಉಂಟೆಂದು ರಾಜಶೇಖರನು ಅಂದೇ ನಿಟ್ಟುಸಿರುಬಿಟ್ಟಿದ್ದಾನೆ. ನಾಲ್ಕನೆಯವನಾಗುವ ಯೋಗ್ಯತೆ ನನಗಿದೆಯೆಂದು ಹೇಳಿಕೊಳ್ಳಲಾರೆ. ಆದರೆ ಒಂದು ವರ್ಷ ಹುಲ್ಲು ತಿಂದದ್ದಂತೂ ನಿಶ್ಚಯ.

ಇಲ್ಲಿ ಪೂರ್ವಪಕ್ಷವಾಗಿ ಕೆಲವರು ಹೇಳುವುದುಂಟು: 'ಹೊಸದಾಗಿ ಬರೆಯುವವರಿಗೆ ಪ್ರೋತ್ಸಾಹ ಕೊಡಬೇಕು, ದೋಷವನ್ನು ಎತ್ತಿಹೇಳಿದರೆ ಅವರು ಬಾಡಿಹೋಗುತ್ತಾರೆ.' ಇದಕ್ಕೆ ಸಮಾಧಾನವೇನೆಂದರೆ, ತಪ್ಪುಗಳಿದ್ದ ಬರಹವನ್ನು ತಿದ್ದದೆ 'ಬಹಳ ಚೆನ್ನಾಗಿದೆ' ಎಂದು ಸಹಿ ಮಾಡಿ ಹಿಂದಿರುಗಿಸುವ ಮೇಷ್ಟರನ್ನು ಯಾವ ತಂದೆತಾಯಿಗಳೂ ದಯಾಳುವೆನ್ನುವುದಿಲ್ಲ, ಸೋಮಾರಿಯೆನ್ನುತ್ತಾರೆ. ಇನ್ನು ಕೆಲವರು, 'ದೋಷವನ್ನು ಹುಡುಕುವುದು ನಮ್ಮ ಸಂಪ್ರದಾಯವಲ್ಲ' ಎನ್ನುತ್ತಾರೆ. ಕನ್ನಡದಲ್ಲಿ ನಮಗೆ ದೊರೆತಿರುವ ಅತಿ ಪ್ರಾಚೀನ ಗ್ರಂಥವಾದ ಕವಿರಾಜಮಾರ್ಗವು ಒಂಬತ್ತನೆಯ ಶತಮಾನದ್ದು. ಅದರ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದರ ವಿಷಯವೇ ದೋಷಾದೋಷಗಳ ನಿರ್ಣಯ. ದೋಷವಿವೇಚನೆಯಿಂದ ಆರಂಭವಾಗುವ ವಾಙ್ಮಯಕ್ಕೆ ವಾರಸುದಾರರಾದವರು ಈ ಮಾತನ್ನಾಡಬಹುದೇ?

ಮೂರನೆಯ ಆಕ್ಷೇಪವೇ ಬಲವಾದುದು: 'ಜಿಲ್ಲೆ ಚಿಕ್ಕದು. ಬೆಳಗ್ಗೆ ಎದ್ದರೆ ಒಬ್ಬರ ಮುಖವನ್ನೊಬ್ಬರು ನೋಡಬೇಕು. ವೈರವೇಕೆ?' ಇದರ ಬೆಲೆಯನ್ನು ನಾನೂ ತೆತ್ತಿದ್ದೇನೆ. ನಾನು ಮೆಚ್ಚದ ಐದು ಪುಸ್ತಕಗಳಲ್ಲಿ ಒಂದು ನನ್ನ ಶಿಷ್ಯನದು. ಪ್ರತಿವರ್ಷವೂ ದೀಪಾವಳಿಗೆ ಮನೆಗೆ ಬಂದು ನಮಸ್ಕರಿಸಿ ಹೋಗುತ್ತಿದ್ದವನು ಈ ಸಲ ಬರಲಿಲ್ಲ. ಮನೆಯಾಕೆಯು ಸಂಜೆಯವರೆಗೂ ಬಾಗಿಲ ಕಡೆ ನೋಡುತ್ತಿದ್ದಳು. ನೋವಾಯಿತು, ಸುಳ್ಳು ಹೇಳುವುದಿಲ್ಲ. ಆದರೂ ಆ ವಿಮರ್ಶೆಯಲ್ಲಿ ತಿದ್ದಬೇಕಾದ ಒಂದು ವಾಕ್ಯವೂ ನನಗೆ ಈಗ ಕಾಣುವುದಿಲ್ಲ. ತಿದ್ದಬೇಕಾದದ್ದೆಲ್ಲವೂ ಹೊಗಳಿಕೆಗಳಲ್ಲಿಯೇ ಇದೆ.

ಏಕೆಂದರೆ ಸುಳ್ಳು ಹೊಗಳಿಕೆಯಿಂದ ಹೆಚ್ಚಾಗಿ ಕೆಡುವುದು ಒಳ್ಳೆಯ ಪುಸ್ತಕ. ಆಲೂರಿನ ಕಡೆಯ ವೃದ್ಧರೊಬ್ಬರು ಬೇಸಾಯದ ಮಾತುಗಳನ್ನು, ನೇಗಿಲು ನೊಗಗಳ ಅಂಗಾಂಗಗಳ ಹೆಸರುಗಳನ್ನು, ಮಳೆಯ ಗಾದೆಗಳನ್ನು ಊರೂರು ತಿರುಗಿ ಕೂಡಿಸಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಆ ೨೬ರಲ್ಲಿ ಅದು ನಿಜವಾಗಿಯೂ ಉತ್ತಮವಾದುದು. ಅದನ್ನೂ 'ಸಂಗ್ರಹಯೋಗ್ಯ' ಎಂದೇ ಬರೆದೆನು. ನನ್ನಲ್ಲಿ ಬೇರೆ ಮಾತು ಉಳಿದಿರಲಿಲ್ಲ. ಎಲ್ಲಕ್ಕೂ ಒಂದೇ ಮುದ್ರೆ ಒತ್ತಿದ ಮೇಲೆ ಚಿನ್ನವನ್ನೂ ತಗಡನ್ನೂ ಗಿರಾಕಿಯು ಬೇರೆಮಾಡುವುದು ಹೇಗೆ? ಆ ಪುಸ್ತಕದ ಕಟ್ಟುಗಳು ಈಗಲೂ ಅವರ ಅಟ್ಟದ ಮೇಲಿವೆ.

ಆದಕಾರಣ ವಿಮರ್ಶಕನ ಋಣವು ಗ್ರಂಥಕರ್ತನಿಗಲ್ಲ, ಪ್ರಕಾಶಕನಿಗಲ್ಲ. ತನ್ನ ದುಡ್ಡನ್ನೂ ಹೊತ್ತನ್ನೂ ಕೊಟ್ಟು ಓದುವವನಿಗೆ. ವ್ಯಾಖ್ಯಾನಕಾರನಾದ ಮಲ್ಲಿನಾಥನು ಆಧಾರವಿಲ್ಲದುದನ್ನು ಬರೆಯುವುದಿಲ್ಲ, ಬೇಡದುದನ್ನು ಹೇಳುವುದಿಲ್ಲ ಎಂದು ವ್ರತ ತೊಟ್ಟನು. ಅವನ ದಾರಿಯಲ್ಲಿ ನಾನೂ ಚಿಕ್ಕದೊಂದು ನಿಯಮವನ್ನು ಕೈಕೊಳ್ಳುತ್ತೇನೆ. ಕಡೆಯ ಪುಟದವರೆಗೆ ಓದದೆ ಬರೆಯುವುದಿಲ್ಲ. ಇಸವಿ, ಶಾಸನ, ಉದ್ಧರಣೆಗಳನ್ನು ಮೂಲದೊಡನೆ ತಾಳೆ ನೋಡದೆ ಒಪ್ಪುವುದಿಲ್ಲ. ಗ್ರಂಥಕರ್ತರು ಸ್ನೇಹಿತರೋ ಶಿಷ್ಯರೋ ಆಗಿದ್ದರೆ ಅದನ್ನು ಮೊದಲ ಸಾಲಿನಲ್ಲಿಯೇ ತಿಳಿಸುತ್ತೇನೆ. 'ಸಂಗ್ರಹಯೋಗ್ಯ' ಎಂಬ ಮಾತನ್ನು, ನನ್ನ ಹಣದಿಂದ ಇನ್ನೊಂದು ಪ್ರತಿಯನ್ನು ಕೊಳ್ಳಲು ಸಿದ್ಧನಾದಾಗ ಮಾತ್ರ ಬಳಸುತ್ತೇನೆ. ಸಂಘದವರಿಗೆ ಈ ನಿಯಮವು ಸರಿಬೀಳದಿದ್ದರೆ ಈ ಪುಟಗಳನ್ನು ಸಂತೋಷದಿಂದ ಬೇರೆಯವರಿಗೆ ಬಿಟ್ಟುಕೊಡುತ್ತೇನೆ.

ಆಲೂರಿನ ಆ ಗ್ರಂಥದ ಆರು ಪ್ರತಿಗಳನ್ನು ಕೊಂಡು, ಆ ಹಳ್ಳಿಯ ಶಾಲೆಗೆ ಕಳುಹಿಸಿದ್ದೇನೆ. ಜೊತೆಗಿಟ್ಟ ಕಾಗದದಲ್ಲಿ, ಆ ದಿನ ಸಭೆಯಲ್ಲಿ ತಪ್ಪಿದವನು ನಾನೇ ಹೊರತು ಬಾಲಿಕೆಯಲ್ಲವೆಂದು ಬರೆದಿದ್ದೇನೆ. ಅದನ್ನು ತರಗತಿಯಲ್ಲಿ ಎಲ್ಲರೆದುರಿಗೆ ಓದಿಸಬೇಕೆಂದು ಅಲ್ಲಿಯ ಮೇಷ್ಟರಲ್ಲಿ ನನ್ನ ಪ್ರಾರ್ಥನೆ.