ಪಹಣಿ ಕೈಗೆ ಬಂತು, ತಿಳಿವಳಿಕೆ ಬರಲಿಲ್ಲ

ಪಹಣಿಯಲ್ಲಿ ಅಮರಪ್ಪ, ಆಧಾರ್‌ನಲ್ಲಿ ಅಮರೇಶ. ಗುರುಗುಂಟಿ ಅಮರೇಶ್ವರನಿಗೆ ನಡೆದುಕೊಳ್ಳುವ ನಮ್ಮ ಸೀಮೆಯಲ್ಲಿ ಈ ಎರಡೂ ಹೆಸರು ಒಬ್ಬನವೇ ಎಂದು ಹೇಳಲು ಅಧಿಕಾರಿ ಬೇಕಿಲ್ಲ, ಕಟ್ಟೆಯ ಮೇಲೆ ಕೂತವರಿಗೆಲ್ಲ ಗೊತ್ತು. ಕಂಪ್ಯೂಟರ್ ಮುಂದೆ ಮಾತ್ರ ಅವರು ಇಬ್ಬರು. "ತಾತಾ, ಹೆಸರು ಮ್ಯಾಚ್ ಆಗವಲ್ದು. ಅಫಿಡವಿಟ್ ಮಾಡಿಸ್ಕೊಂಡು ಬರ್ರಿ." ಬಾಂಡ್ ಪೇಪರ್, ನೋಟರಿ, ಝೆರಾಕ್ಸ್, ಬಸ್ಸಿನ ಖರ್ಚು, ಎರಡು ದಿನದ ಕೂಲಿ. ಒಂದು ಕಚೇರಿಯಲ್ಲಿ ಹೀಗೆ ಒಬ್ಬನೆಂದು ಸಾಬೀತಾದ ಮನುಷ್ಯ ಇನ್ನೊಂದು ಕಚೇರಿಯ ಕಿಟಕಿಯಲ್ಲಿ ಮತ್ತೆ ಇಬ್ಬರಾಗುತ್ತಾನೆ.

ಮಸ್ಕಿಯಲ್ಲಿ ಕೂತು ಇದನ್ನು ಬರೆಯುವಾಗ ನಮ್ಮೂರ ಬಂಡೆ ನೆನಪಾಗುತ್ತದೆ. 1837ರಲ್ಲಿ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದ ಮೇಲೂ ಅದರಲ್ಲಿ ಬರೆಸಿದ ಒಬ್ಬ ಅರಸನ ಶಾಸನಗಳಲ್ಲಿ ಸಿಗುತ್ತಿದ್ದುದು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಷ್ಟೇ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತ ಬಂದ ಎಂಜಿನಿಯರ್ ಬೀಡನ್ ಮಸ್ಕಿಯ ಶಾಸನ ಕಂಡರು. ಅದರಲ್ಲಿ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಇತ್ತು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ, ಹೈದರಾಬಾದ್ ಪುರಾತತ್ವ ಮಾಲೆಯ ಮೊದಲನೆಯ ಪ್ರಕಟಣೆಯಾಗಿ ಹೊರತಂದರು. ಆ ಬಿರುದಿನವನೂ ಈ ಹೆಸರಿನವನೂ ಒಬ್ಬನೇ ಹೌದೋ ಅಲ್ಲವೋ ಎಂದು ಆಮೇಲೆ ಯಾರೂ ಮೊದಲಿನಿಂದ ಹುಡುಕಾಟ ಶುರುಮಾಡಬೇಕಾಗಲಿಲ್ಲ. ಒಬ್ಬರು ಬಿಚ್ಚಿದ ಗಂಟನ್ನು ಬರೆದಿಟ್ಟದ್ದರಿಂದ ಅದು ಎಲ್ಲರ ಪಾಲಿಗೂ ಬಿಚ್ಚಿಕೊಂಡಿತು. ನಮ್ಮ ಡಿಜಿಟಲ್ ಆಡಳಿತದಲ್ಲಿ ಆಗದೆ ಉಳಿದಿರುವ ಕೆಲಸ ಇದೇ.

ಭೂಮಿ ಯೋಜನೆಯ ಉಪಕಾರವನ್ನು ನಾನು ಮರೆತಿಲ್ಲ. 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿ, 15 ರೂಪಾಯಿಗೆ ತಾಲ್ಲೂಕು ಕಚೇರಿಯಲ್ಲಿ ಸಿಗತೊಡಗಿದಾಗ ರೈತನ ಬೆನ್ನಿನ ಮೇಲಿನ ಒಂದು ಭಾರ ಇಳಿದದ್ದು ನಿಜ. ಹಳೆಯ ಪಟವಾರಿ, ಕುಲಕರ್ಣಿಗಳ ಕಾಲ ತಿರುಗಿ ಬರಲಿ ಎಂದು ಈ ಭಾಗದಲ್ಲಿ ಯಾರೂ ಹಂಬಲಿಸುವುದಿಲ್ಲ. ಅವರ ಬಲ ಬಸ್ತಾದಲ್ಲಿದ್ದ ಕಾಗದದ್ದಷ್ಟೇ ಆಗಿರಲಿಲ್ಲ. ಯಾವ ಕಾಗದಕ್ಕೆ ಯಾವ ಕಾಗದ ಸೇರಿಸಿದರೆ ಕೆಲಸ ಆಗುತ್ತದೆ ಎಂಬುದು ಅವರೊಬ್ಬರಿಗೇ ತಿಳಿದಿತ್ತು. 1961ರ ಕಾಯ್ದೆ ಅವರ ವಂಶಪಾರಂಪರ್ಯದ ಹುದ್ದೆಯನ್ನು ತೆಗೆದುಹಾಕಿತು, ಭೂಮಿ ತಂತ್ರಾಂಶ ಕಾಗದವನ್ನು ಹೊರಗೆ ತಂದಿತು. ಆದರೆ ಆ ಗುಟ್ಟಿನ ತಿಳಿವಳಿಕೆ ಪಟವಾರಿಯ ತಲೆಯಿಂದ ಆಪರೇಟರನ ತಲೆಗೆ ಜಾರಿತು, ರೈತನ ಕೈಗೆ ಬರಲೇ ಇಲ್ಲ. ಆ ಆಪರೇಟರ್ ಬಹಳ ಕಡೆ ಗುತ್ತಿಗೆಯ ಹುಡುಗ. ಯಾವ ಕಾಲಂನಲ್ಲಿ ಏನು ತುಂಬಿದರೆ ಅರ್ಜಿ ಮುಂದೆ ಹೋಗುತ್ತದೆ ಎಂದು ತಿಂಗಳುಗಟ್ಟಲೆ ಗುದ್ದಾಡಿ ಕಲಿತಿರುತ್ತಾನೆ. ಅವನು ಕೆಲಸ ಬಿಟ್ಟ ದಿನ ಆ ಕಲಿಕೆಯೂ ಅವನ ಜೊತೆ ಹೊರಗೆ ಹೋಗುತ್ತದೆ.

2024ರ ಸೆಪ್ಟೆಂಬರ್‌ನಲ್ಲಿ, ಮತ್ತೆ 2025ರ ಫೆಬ್ರುವರಿಯಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರಕ್ಕೆ ಕೂತಾಗ ಜನರಿಗೆ ಸಿಟ್ಟು ಬಂತು. ಕೆಲಸ ನಿಂತವರ ಸಿಟ್ಟು ನ್ಯಾಯವೇ. ಆದರೆ ಅಧಿಕಾರಿಗಳ ದೂರನ್ನೂ ಕೇಳಬೇಕಿತ್ತು: ಬೆಳೆ ಸಮೀಕ್ಷೆಗೊಂದು, ಆಧಾರ್ ಜೋಡಣೆಗೊಂದು, ಪರಿಹಾರಕ್ಕೊಂದು ಎಂದು ಹತ್ತಾರು ಆ್ಯಪ್‌, ಅವನ್ನು ನಡೆಸಲು ಬೇಕಾದ ಕನಿಷ್ಠ ಸೌಲಭ್ಯವಿಲ್ಲ. ಹೊಲದ ಬದುವಿನಲ್ಲಿ ನಿಂತು ಕೆಲಸ ಮಾಡುವವರಿಗೆ ಆ್ಯಪ್‌ ಎಲ್ಲಿ ತಪ್ಪುತ್ತದೆ ಎಂದು ಬೆಂಗಳೂರಿಗಿಂತ ಮೊದಲೇ ಗೊತ್ತಾಗುತ್ತದೆ. ಹಾಗೆ ಗೊತ್ತಾದದ್ದೆಲ್ಲ ವಾಟ್ಸ್‌ಆ್ಯಪ್‌ ಗ್ರೂಪಿನಲ್ಲಿ ಬಂದು, ವಾರದಲ್ಲಿ ಮೇಲಕ್ಕೆ ಸರಿದು ಕಣ್ಮರೆಯಾಗುತ್ತದೆ. ಹೊಸ ಅಧಿಕಾರಿ ಬಂದರೆ ಅವೇ ತಪ್ಪುಗಳನ್ನು ಅದೇ ರೈತನ ಅರ್ಜಿಯ ಮೇಲೆ ಮಾಡಿ ಕಲಿಯಬೇಕು.

ಈಗ ಭೂ ಸುರಕ್ಷಾ ಯೋಜನೆಯಡಿ ತಾಲ್ಲೂಕುಗಳ ದಾಖಲೆ ಕೋಣೆಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ಇದು ಆಗಲೇಬೇಕಾದ ಕೆಲಸ. ಗೆದ್ದಲಿನಿಂದಲೂ ತಿದ್ದುವ ಕೈಗಳಿಂದಲೂ ಕಾಗದ ಉಳಿಯುತ್ತದೆ. ಆದರೆ ನಮ್ಮದು 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದ ನೆಲ. ಇಲ್ಲಿಯ ಹಳೆಯ ಸೇತ್ವಾರುಗಳು, ಅಂದರೆ ಮೂಲ ಸರ್ವೆ ದಾಖಲೆಗಳು, ಉರ್ದುವಿನಲ್ಲಿವೆ. ಸರ್ವೆ ನಂಬರಿನ ಮೂಲ ವಿಸ್ತೀರ್ಣ, ಖರಾಬು, ಮೊದಲ ಕಬ್ಜೆದಾರ, ಎಲ್ಲದಕ್ಕೂ ಕೊನೆಗೆ ಅಲ್ಲಿಗೇ ಹೋಗಬೇಕು. ಅದರ ಫೋಟೊ ತೆಗೆದು ಸರ್ವರಿನಲ್ಲಿಟ್ಟರೆ ಉರ್ದು ಬಾರದ ಸರ್ವೆಯರಿಗೆ ಏನು ತಿಳಿದೀತು? ಬರೀ ಲಿಪಿ ಬಂದರೂ ಸಾಲದು. ಕಂದಾಯದವರ ಸಂಕ್ಷೇಪಗಳು, ಅಂಕಿ ಬರೆಯುವ ರೀತಿ, ಬದಿಯ ಷರಾಗಳು, ಇವೆಲ್ಲ ಕೈಯಿಂದ ಕೈಗೆ ಬಂದ ವಿದ್ಯೆ. ಮಸ್ಕಿಯ ಪಾಡು ಇನ್ನೂ ತೊಡಕಿನದು. ಲಿಂಗಸುಗೂರು, ಸಿಂಧನೂರು, ಮಾನ್ವಿ, ಮೂರೂ ತಾಲ್ಲೂಕುಗಳ ಹಳ್ಳಿಗಳನ್ನು ಕೂಡಿಸಿ ಮಾಡಿದ ತಾಲ್ಲೂಕು ಇದು. ಮೂರು ಕಚೇರಿಗಳ ಮೂರು ರೂಢಿಗಳಲ್ಲಿ ಬೆಳೆದ ದಾಖಲೆಗಳನ್ನು ಒಂದು ತೆರೆಯ ಮೇಲೆ ನೋಡುವವನಿಗೆ, ಯಾವ ಊರಿನದು ಹೇಗೆ ಬಂದದ್ದು ಎಂದು ತಿಳಿಸುವ ಒಂದು ಕೈಪಿಡಿಯಾದರೂ ಬೇಡವೇ?

ಇದಕ್ಕೆ ದುಡ್ಡಿಲ್ಲ, ಹೊಸ ಕಾನೂನು ಬೇಕು ಎಂಬ ಮಾತನ್ನು ಒಪ್ಪಲಾಗದು. ಕಾನೂನು 20 ವರ್ಷಗಳಿಂದ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ನೌಕರರು ಕೆಲಸಕ್ಕೆ ಬಳಸುವ ನಿಯಮ, ಸೂಚನೆ, ಕೈಪಿಡಿಗಳನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಬೇಕು, ಅದಕ್ಕೆ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು, ನಿರ್ಧಾರದಿಂದ ಬಾಧಿತರಾದವರಿಗೆ ಕಾರಣ ತಿಳಿಸಬೇಕು. ಅರ್ಜಿ ತಿರಸ್ಕೃತವಾದ ರೈತನಿಗೆ ಸಿಗುವುದು ಏನು? ಹಲವು ಸಲ 'ದಾಖಲೆ ಸರಿಯಿಲ್ಲ' ಎಂಬ ಎರಡು ಪದ. ಯಾವ ದಾಖಲೆ, ಏನು ಸರಿಯಿಲ್ಲ, ಎಲ್ಲಿ ಸರಿಮಾಡಿಸಬೇಕು ಎಂಬುದಿಲ್ಲ. 'ಸಕಾಲ' ಸೇವೆಯ ಗಡುವಿನೊಳಗೆ ತಿರಸ್ಕರಿಸಿದರೂ ಅದು ವಿಲೇವಾರಿಯೇ. ಮೇಲಿನವರ ಕಣ್ಣಿಗೆ ಬೀಳುವ ಅಂಕಿ ಅದು. ನಾಳೆ ಕೃತಕ ಬುದ್ಧಿಮತ್ತೆ ಬಂದು ಜನರ ಪ್ರಶ್ನೆಗೆ ಉತ್ತರಿಸುತ್ತದೆ ಎನ್ನುವವರಿದ್ದಾರೆ. ಇಲಾಖೆಯೇ ಬರೆದಿಡದ ಉತ್ತರವನ್ನು ಯಂತ್ರ ಎಲ್ಲಿಂದ ತರಬೇಕು?

ನಾನು ಕೇಳುವುದು ದೊಡ್ಡದಲ್ಲ. ಹೆಸರಿನ ಗೊಂದಲ ಒಂದು ಕಚೇರಿಯಲ್ಲಿ ಇತ್ಯರ್ಥವಾದರೆ ಆ ಆದೇಶ ಎಲ್ಲ ಇಲಾಖೆಗಳ ತೆರೆಯ ಮೇಲೂ ಕಾಣಬೇಕು. ತಿರಸ್ಕಾರದ ಕಾರಣವನ್ನು, ಮುಂದಿನ ದಾರಿಯನ್ನು ಪೂರ್ತಿ ಕನ್ನಡ ವಾಕ್ಯಗಳಲ್ಲಿ ಬರೆಯಬೇಕು. ಸೇತ್ವಾರ್ ಓದುವ ಕೈಪಿಡಿಯನ್ನು ಅಚ್ಚುಹಾಕಿ ಪ್ರತಿ ನಾಡಕಚೇರಿಯಲ್ಲಿ, ಗ್ರಂಥಾಲಯದಲ್ಲಿ ಇಡಬೇಕು. ಈ ಕೊನೆಯದಕ್ಕೆ ತಡಮಾಡುವಂತಿಲ್ಲ. ಆ ಓದನ್ನು ಕಚೇರಿಯೊಳಗೇ ಕಲಿತವರು ನಿವೃತ್ತರಾಗಿ ಮನೆಯಲ್ಲಿದ್ದಾರೆ, ವಯಸ್ಸಾಗಿದೆ. ಸ್ಕ್ಯಾನರ್ ತಂದವರು ಒಂದು ಕುರ್ಚಿಯನ್ನೂ ತಂದು, ಅವರನ್ನು ಗೌರವಧನ ಕೊಟ್ಟು ಕರೆದು ಕೂರಿಸಿ, ಪಕ್ಕದಲ್ಲಿ ಇಬ್ಬರು ಹೊಸ ಸರ್ವೆಯರುಗಳನ್ನು ನೋಟ್‌ಬುಕ್ ಕೊಟ್ಟು ಕೂರಿಸಲಿ. ಈ ವರ್ಷವೇ ಕೂರಿಸಲಿ.