ಕಾರಂತರು ಕೆ.ಜಿ.ಗೆ ಎಷ್ಟು?

ಗುಜರಿಯವನ ತಕ್ಕಡಿಗೆ ಸಾಹಿತ್ಯ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತೂಕ ಒಂದೇ. ಹಳೆ ದಿನಪತ್ರಿಕೆ, ಮಗನ ಟ್ಯೂಷನ್ ನೋಟ್ಸು, ಮಿಕ್ಕಿದ ಮದುವೆ ಕಾಗದ, ಅದರ ಮೇಲೆ ಬೆನ್ನು ಕಳಚಿದ ಒಂದು 'ಚೋಮನ ದುಡಿ'. ಎಲ್ಲದಕ್ಕೂ ಒಂದೇ ದರ. ಬಟ್ಟಿನ ತಕ್ಕಡಿ ಹೋಗಿ ಡಿಜಿಟಲ್ ಕಾಂಟ ಬಂದಿದೆ. ಯಂತ್ರ ಬದಲಾಯಿತೇ ಹೊರತು ಬುದ್ಧಿ ಬದಲಾಗಲಿಲ್ಲ.

"ಹ್ವಾಯ್, ಪುಸ್ತಕಕ್ ಬೇರೆ ರೇಟ್ ಇಲ್ಯಾ?" ಎಂದು ಮನೆಯಾಕೆ ಕೇಳಿದರೆ, "ರಟ್ಟ್ ಇದ್ರೆ ಕಮ್ಮಿ ಅಕ್ಕಾ" ಎಂಬ ಉತ್ತರ ಬರುತ್ತದೆ. ಅಂದರೆ ಬೈಂಡು ಗಟ್ಟಿ ಇದ್ದಷ್ಟೂ ಪುಸ್ತಕ ಅಗ್ಗ!

ಗುಜರಿಯವನನ್ನು ಬೈದು ಪ್ರಯೋಜನವಿಲ್ಲ. ಅವನು ಕೊಳ್ಳುವುದು ಕಾಗದ. ಮಾರುವವರು ಕೊಡುತ್ತಿರುವುದೂ ಕಾಗದವೆಂದೇ. ಪ್ರಶ್ನೆ ಇರುವುದು ಬೇರೆ ಕಡೆ. ಅಟ್ಟದ ಮೇಲಿನ ಪುಸ್ತಕಕ್ಕೂ ಅದನ್ನು ಓದಬೇಕೆಂದಿರುವವನಿಗೂ ನಡುವೆ ಒಂದು ಅಂಗಡಿ, ಹೋಗಲಿ, ಅಂಗಡಿಯ ಮೂಲೆಯಲ್ಲಿ ಒಂದು ಕಪಾಟು ಯಾಕಿಲ್ಲ?

ಯಾವ ಊರಿನ ಸಂಗತಿ ಇದು?

ಇದು ಅಕ್ಷರದ ಗಂಧ ಇಲ್ಲದ ಯಾವುದೋ ಮೂಲೆಯ ಕಥೆಯಾಗಿದ್ದರೆ ಬಿಟ್ಟುಬಿಡಬಹುದಿತ್ತು. ಶಿವರಾಮ ಕಾರಂತರು 1902ರಲ್ಲಿ ಹುಟ್ಟಿದ ಕೋಟ ಈಗ ಬ್ರಹ್ಮಾವರ ತಾಲೂಕಿನಲ್ಲಿದೆ. ಗೋಪಾಲಕೃಷ್ಣ ಅಡಿಗರು 1918ರಲ್ಲಿ ಹುಟ್ಟಿದ ಮೊಗೇರಿ ಬೈಂದೂರಿನ ಕಡೆಯದು. 'ಕ್ರೌಂಚ ಪಕ್ಷಿಗಳು' ಕೃತಿಗೆ 2009ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ವೈದೇಹಿ ಕುಂದಾಪುರದವರು. ಮೂರೂ ಊರು ಒಂದೇ ಹೆದ್ದಾರಿಯ ಬಸ್ಸಿನ ಟಿಕೇಟಿನೊಳಗೆ ಬರುತ್ತವೆ. ಒಂದು ಜ್ಞಾನಪೀಠ, ಒಂದಕ್ಕಿಂತ ಹೆಚ್ಚು ಅಕಾಡೆಮಿ ಪ್ರಶಸ್ತಿ ಇಷ್ಟು ಹತ್ತಿರ ಹತ್ತಿರ ಬಿದ್ದ ನೆಲ ರಾಜ್ಯದಲ್ಲಿ ಹೆಚ್ಚಿಲ್ಲ.

ಕೋಟತಟ್ಟಿನಲ್ಲಿ ಕಾರಂತರ ಹೆಸರಿನ ಥೀಮ್ ಪಾರ್ಕ್ ಇದೆ. ಒಳ್ಳೆಯದೇ. ಆದರೆ ಪಾರ್ಕ್ ನೋಡಿ ಹೊರಬಂದ ಹುಡುಗನಿಗೆ ಕಾರಂತರ ಒಂದು ಹಳೆ ಪುಸ್ತಕ ನಲವತ್ತು ರೂಪಾಯಿಗೆ ಬೇಕು ಅನಿಸಿದರೆ? 1936ರಲ್ಲಿ ಮಕ್ಕಳಿಗೆಂದು ಅವರು ಮೂರು ಸಂಪುಟದಲ್ಲಿ ತಂದ 'ಬಾಲಪ್ರಪಂಚ'ದ ಬಿಡಿ ಸಂಪುಟವನ್ನಾದರೂ ಕೈಯಲ್ಲಿ ಹಿಡಿದು ನೋಡಬೇಕು ಅನಿಸಿದರೆ? ಅವನಿಗೆ ಯಾವ ಬಸ್ಸು ತೋರಿಸುವುದು?

ಇಂದಿರಾಬಾಯಿ ಉಳಿದದ್ದು ಹೇಗೆ?

ಕುಂದಾಪುರ ತಾಲೂಕಿನ ಗುಲ್ವಾಡಿ ಎಂಬ ಹಳ್ಳಿಯ ಹೆಸರು ಹೊತ್ತ ಗುಲ್ವಾಡಿ ವೆಂಕಟರಾಯರು ಪೊಲೀಸ್ ಇಲಾಖೆಯ ಅಧಿಕಾರಿ. ಅವರು ಬರೆದ 'ಇಂದಿರಾಬಾಯಿ' 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಶಾಲೆಯ ಮಕ್ಕಳೂ ಬಾಯಿಪಾಠ ಹೇಳುವ ಪುಸ್ತಕ ಇದೇ. ಬಾಲವಿಧವೆಯ ಮದುವೆ ಮಾಡಿಸಿದ ಪುಸ್ತಕ ಅದು. ಆ ಕಾಲಕ್ಕೆ ಸಣ್ಣ ಧೈರ್ಯವಲ್ಲ.

ಇಷ್ಟು ದೊಡ್ಡ ಹೆಸರಿನ ಪುಸ್ತಕ ಮತ್ತೆ ಅಚ್ಚಾಗುವುದಕ್ಕೆ ದಶಕಗಳೇ ಹಿಡಿದವು. ಅಷ್ಟು ವರ್ಷ ಅದು ಬದುಕಿದ್ದು ಎಲ್ಲಿ? ಯಾರದೋ ಪೆಟ್ಟಿಗೆಯಲ್ಲಿ, ಯಾವುದೋ ಗ್ರಂಥಾಲಯದ ಕೆಳಗಿನ ಸಾಲಿನಲ್ಲಿ. ಮರುಮುದ್ರಣ ಎನ್ನುವುದು ಆಕಾಶದಿಂದ ಇಳಿಯುವುದಿಲ್ಲ. ಅಚ್ಚು ಮಾಡುವವನ ಮೇಜಿನ ಮೇಲೆ ಒಂದು ಹಳೆ ಪ್ರತಿ ಇರಲೇಬೇಕು. ತೂಕಕ್ಕೆ ಹಾಕದೆ ಒಬ್ಬ ಪುಣ್ಯಾತ್ಮ ಇಟ್ಟುಕೊಂಡ ಪ್ರತಿ ಅದು.

ಇನ್ನೊಬ್ಬರ ಕಥೆ ಕೇಳಿ. ನಂದಳಿಕೆ ಲಕ್ಷ್ಮೀನಾರಣಪ್ಪ, ಅಂದರೆ ಮುದ್ದಣ. ಹುಟ್ಟಿದ್ದು 1870, ತೀರಿಕೊಂಡದ್ದು 1901. ಉಡುಪಿಯಲ್ಲೂ ಕುಂದಾಪುರದಲ್ಲೂ ಹುಡುಗರಿಗೆ ಡ್ರಿಲ್ ಹೇಳಿಕೊಡುವ ಕೆಲಸ. ಬೆಳಿಗ್ಗೆ ಮೈದಾನದಲ್ಲಿ ಎಡ-ಬಲ ಮಾಡಿಸುವ ಮೇಷ್ಟ್ರು ರಾತ್ರಿ ದೀಪದ ಕೆಳಗೆ ಹಳೆಗನ್ನಡದಲ್ಲಿ ಮುಳುಗಿರುತ್ತಿದ್ದರು. ಎಷ್ಟು ಮುಳುಗಿದರು ಎಂದರೆ, 'ರಾಮಾಶ್ವಮೇಧ' ಬರೆದು ಮೈಸೂರಿಗೆ ಕಳುಹಿಸುವಾಗ ತಮ್ಮ ಹೆಸರನ್ನೇ ಹಾಕಲಿಲ್ಲ. ಯಾರೋ ಹಿಂದಿನ ಕಾಲದ ಕವಿಯದು ಎಂಬಂತೆ ಕಳುಹಿಸಿದರು. ಮೈಸೂರಿನ ಪಂಡಿತರು ನಂಬಿದರು ಕೂಡ. ಬರೆದವರು ಈ ಕಡಲತೀರದ ಬಡ ಡ್ರಿಲ್ ಮೇಷ್ಟ್ರು ಎಂಬುದು ಲೋಕಕ್ಕೆ ಸ್ಪಷ್ಟವಾದದ್ದು ಅವರು ಕ್ಷಯದಿಂದ ಸತ್ತು ಎಷ್ಟೋ ವರ್ಷಗಳ ಮೇಲೆ.

ಕಾಲೇಜಿನ ಮೆಟ್ಟಿಲು ಹತ್ತದವನೂ ಹಳೆ ಪುಸ್ತಕ ಹಿಡಿದರೆ ಎಲ್ಲಿಗೆ ಮುಟ್ಟಬಹುದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಅವನ ಕೈಗೆ ಪುಸ್ತಕ ಸಿಗಬೇಕು. ಅದೇ ಇಲ್ಲಿನ ಗಂಟು.

ಅಟ್ಟ ಖಾಲಿಯಾಗುವ ಹೊತ್ತು

ಈ ಕರಾವಳಿಯಲ್ಲಿ ಅಚ್ಚಿನ ಪುಸ್ತಕ ಹೊಸತಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಅಚ್ಚುಕೂಟ ಶುರುವಾದದ್ದು 1841ರಲ್ಲಿ. 'ಜೈಮಿನಿ ಭಾರತ', 'ಬಸವ ಪುರಾಣ', ದಾಸರ ಪದಗಳು 1850ರ ಆಸುಪಾಸಿನಲ್ಲೇ ಅಲ್ಲಿಂದ ಹೊರಬಂದವು. ಕಿಟೆಲರ ನಿಘಂಟು ಬಂದದ್ದು 1894ರಲ್ಲಿ. ಉಡುಪಿಯ ಪಾವಂಜೆ ಗುರುರಾಯರ ಅಂಗಡಿಯ ಯಕ್ಷಗಾನ ಪ್ರಸಂಗ ಪುಸ್ತಕಗಳು ಹಳ್ಳಿ ಹಳ್ಳಿಗೆ ಹೋದವು. ಧಾರವಾಡದಲ್ಲಿ 1933ರಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆಯ ಪುಸ್ತಕಗಳು ಚಂದಾದಾರರ ಮನೆಗೆ ಅಂಚೆಯಲ್ಲೇ ಬರುತ್ತಿದ್ದವು. ಹೀಗೆ ನಾಲ್ಕಾರು ತಲೆಮಾರಿನ ಪುಸ್ತಕ ಹಂಚಿನ ಮನೆಗಳ ಅಟ್ಟದಲ್ಲಿ, ಮರದ ಪೆಟ್ಟಿಗೆಯಲ್ಲಿ ಸೇರಿಕೊಂಡಿತು.

ಈಗ ಆ ಮನೆಗಳು ಒಂದೊಂದಾಗಿ ಇಳಿಯುತ್ತಿವೆ. ಮಕ್ಕಳು ಬೆಂಗಳೂರು, ಮುಂಬಯಿ, ದುಬೈ. ಹೋಟೆಲು ಇಟ್ಟವರು, ಕಂಪ್ಯೂಟರ್ ಕಲಿತವರು ಯಾರೂ ಊರಲ್ಲಿಲ್ಲ. ಅಜ್ಜ ತೀರಿಕೊಂಡ ಮೇಲೆ ಮನೆಗೆ ಬೀಗ, ಎರಡು ಮಳೆಗಾಲದ ನಂತರ ಗೆದ್ದಲು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಸೀಮೆಯಲ್ಲಿ ಕಾಗದ ಮುಚ್ಚಿಟ್ಟರೆ ಉಳಿಯುವುದಿಲ್ಲ. ಕೈಯಾಡಿದರೆ ಮಾತ್ರ ಉಳಿಯುತ್ತದೆ. ನವರಾತ್ರಿಯಲ್ಲಿ ಶಾರದಾ ಪೂಜೆಗೆ ಮಣೆಯ ಮೇಲಿಟ್ಟು ಹೂವು ಹಾಕಿದ ಪುಸ್ತಕವೇ ದೀಪಾವಳಿಯ ಸುಣ್ಣ-ಬಣ್ಣದ ಹೊತ್ತಿಗೆ ಗುಜರಿ ಚೀಲಕ್ಕೆ ಬೀಳುತ್ತದೆ.

ಆ ಚೀಲದಲ್ಲಿ ಏನೆಲ್ಲ ಇರಬಹುದು? ಕಾರಂತರು 1920ರ ದಶಕದಲ್ಲಿ ನಡೆಸಿದ 'ವಸಂತ' ಮಾಸಪತ್ರಿಕೆಯ ಒಂದು ಸಂಚಿಕೆ ಇರಬಹುದು. ಅಡಿಗರ 1946ರ 'ಭಾವತರಂಗ'ದ ಮೊದಲ ಮುದ್ರಣ ಇರಬಹುದು. ನಿರಂಜನರು ಸಂಪಾದಿಸಿದ 'ವಿಶ್ವಕಥಾಕೋಶ'ದ 25 ಸಂಪುಟಗಳಲ್ಲಿ ನಾಲ್ಕೈದು ಇರಬಹುದು. ಮಾಸ್ಕೋದಲ್ಲಿ ಅಚ್ಚಾಗಿ ಬಂದು ಚಿಲ್ಲರೆ ಕಾಸಿಗೆ ಸಿಗುತ್ತಿದ್ದ ರಷ್ಯನ್ ಕಥೆಗಳ ಕನ್ನಡ ಪುಸ್ತಕ ಇರಬಹುದು. ಸೋವಿಯತ್ ದೇಶವೇ 1991ರಲ್ಲಿ ಹೋಯಿತು. ಆ ಪುಸ್ತಕ ಇನ್ನು ಸಿಕ್ಕಿದರೆ ಹಳತರಲ್ಲೇ ಸಿಗಬೇಕು.

ಓದುವವರು ಇಲ್ಲವೇ?

"ಓದುಕೆ ಪುರ್ಸೊತ್ತ್ ಎಲ್ಲಿತ್ ಮರ್ರೆ?" ಎಂದು ಕೈ ಝಾಡಿಸುವವರಿದ್ದಾರೆ. ಅರ್ಧ ನಿಜ. ಬಸ್ಸಿನಲ್ಲಿ ಕೂತ ಹತ್ತು ಜನರಲ್ಲಿ ಎಂಟು ಜನರ ಕಣ್ಣು ಮೊಬೈಲಿನ ಮೇಲೆ. ಆದರೆ ಅದೇ ಜನ ರಾತ್ರಿಯಿಡೀ ಆಟ ನೋಡಿ, ಕೃಷ್ಣ ಸಂಧಾನದಲ್ಲಿ ಯಾವ ವೇಷಧಾರಿ ಎಲ್ಲಿ ಮಾತು ತಪ್ಪಿದ ಎಂದು ಬೆಳಿಗ್ಗೆ ಚಾ ಅಂಗಡಿಯಲ್ಲಿ ಹೇಳಬಲ್ಲರು. ತಾಳಮದ್ದಲೆಯ ಅರ್ಥಧಾರಿ ಕುಮಾರವ್ಯಾಸನ ಒಂದು ಮಾತು ಎತ್ತಿದರೆ ಹಿಂದಿನ ಸಾಲಿನ ಮುದುಕ ತಲೆದೂಗುತ್ತಾನೆ. ಕಾವ್ಯ ಈ ಜನಕ್ಕೆ ಪರಕೀಯವಲ್ಲ. ಆ ಡ್ರಿಲ್ ಮೇಷ್ಟ್ರು ಮುದ್ದಣ ಕೂಡ 'ರತ್ನಾವತಿ ಕಲ್ಯಾಣ', 'ಕುಮಾರವಿಜಯ' ಎಂದು ಎರಡು ಪ್ರಸಂಗ ಬರೆದವರೇ.

ಹಳೆ ಪುಸ್ತಕ ಕೊಳ್ಳುವುದು ಅವಮಾನ ಎಂಬ ಭಾವನೆಯೂ ಇಲ್ಲಿನದಲ್ಲ. ಜೂನ್ ಬಂತೆಂದರೆ ಅರ್ಧ ಬೆಲೆಗೆ ಪಠ್ಯಪುಸ್ತಕ ಅಣ್ಣನಿಂದ ತಮ್ಮನಿಗೆ, ನೆರೆಮನೆಯಿಂದ ನೆರೆಮನೆಗೆ ದಾಟಿದ ಕಾಲವನ್ನು ಎಲ್ಲರೂ ನೋಡಿದ್ದಾರೆ. ದಿನಕ್ಕೆ ಇಷ್ಟು ಪೈಸೆ ಎಂದು ತ್ರಿವೇಣಿ, ಅ.ನ.ಕೃ., ತ.ರಾ.ಸು. ಕಾದಂಬರಿಗಳನ್ನು ಬಾಡಿಗೆಗೆ ಕೊಡುತ್ತಿದ್ದ ಲೈಬ್ರರಿಗಳಿಂದ ಎಷ್ಟೋ ಮನೆಯ ಹೆಂಗಸರು ಓದಿದರು. ಕೊಳ್ಳುವ ಅಭ್ಯಾಸ, ಎರವಲಿನ ಅಭ್ಯಾಸ ಎರಡೂ ಇತ್ತು. ಅಂಗಡಿ ಮಾತ್ರ ಮುಚ್ಚಿತು.

ವ್ಯಾಪಾರದ ಲೆಕ್ಕ

ಅಂಗಡಿಯವರಿಗೆ ಅರ್ಥವಾಗುವ ಭಾಷೆಯಲ್ಲೇ ಹೇಳಬಹುದು. ಗುಜರಿಯಲ್ಲಿ ಕೆ.ಜಿ.ಗೆ ಹತ್ತು ರೂಪಾಯಿ ಎಂದು ಹಿಡಿಯಿರಿ. ಅರ್ಧ ಕಿಲೋ ತೂಗುವ ಒಂದು ಕಾದಂಬರಿಗೆ ಐದು ರೂಪಾಯಿ ಆಯಿತು. ಒಂದು ಚಾದ ದುಡ್ಡೂ ಹುಟ್ಟಲಿಲ್ಲ. ಅದೇ ಪುಸ್ತಕ ಹೊಸತು ಕೊಂಡರೆ ಇನ್ನೂರು ಮುನ್ನೂರು. ಐದಕ್ಕೂ ಇನ್ನೂರಕ್ಕೂ ನಡುವೆ ಇಷ್ಟು ದೊಡ್ಡ ಬಯಲು ಖಾಲಿ ಬಿದ್ದಿದೆ. ಮನೆಯವರಿಗೆ ಹದಿನೈದು ಕೊಟ್ಟು ನಲವತ್ತಕ್ಕೆ ಮಾರಿದರೆ ಮೂವರಿಗೂ ಲಾಭ. ಮೀನು, ತರಕಾರಿಯ ಹಾಗೆ ಸಂಜೆಯೊಳಗೆ ಹಾಳಾಗುವ ಮಾಲೂ ಅಲ್ಲ. ಬೇಕಾದ್ದು ನಾಲ್ಕು ಹಲಗೆ, ನಾಲ್ಕು ಕಡ್ಡಿ ಬೇವಿನ ಸೊಪ್ಪು, ಮಳೆಗಾಲದಲ್ಲಿ ಗೋಡೆಯಿಂದ ಒಂದು ಗೇಣು ದೂರ.

ಇದು ಬರೇ ಕನಸಲ್ಲ. ಬೆಂಗಳೂರಿನ ಸೆಲೆಕ್ಟ್ ಬುಕ್ ಶಾಪನ್ನು ಕೆ.ಬಿ.ಕೆ. ರಾವ್ 1945ರಲ್ಲಿ ಶುರುಮಾಡಿದರು. ಹಳೆ ಪುಸ್ತಕವನ್ನೇ ನಂಬಿದ ಆ ಅಂಗಡಿ ಮಗ ಕೆ.ಕೆ.ಎಸ್. ಮೂರ್ತಿಯವರ ಕಾಲಕ್ಕೆ ದೇಶದ ಓದುಗರಿಗೆಲ್ಲ ಪರಿಚಿತವಾಯಿತು. ಇಂಜಿನಿಯರಿಂಗ್ ಓದಿದ ಮಾಯಿ ಗೌಡರು ಫುಟ್‌ಪಾತಿನಲ್ಲಿ ಹಳೆ ಪುಸ್ತಕ ಹರಡಿ ಮಾರುತ್ತಿದ್ದವರು ಮುಂದೆ ಚರ್ಚ್ ಸ್ಟ್ರೀಟಿನಲ್ಲಿ ಬ್ಲಾಸಮ್ ಅಂಗಡಿ ಕಟ್ಟಿದರು.

"ಅದು ಬೆಂಗಳೂರು, ಇದು ಕುಂದಾಪುರ" ಎನ್ನುವವರು ವೇಲ್ಸ್ ದೇಶದ ಹೇ-ಆನ್-ವೈ ಎಂಬ ಊರಿನ ಕಡೆ ನೋಡಲಿ. ಜನಸಂಖ್ಯೆ ಎರಡು ಸಾವಿರವೂ ಇಲ್ಲ. 2011ರ ಜನಗಣತಿಯಲ್ಲಿ ಕುಂದಾಪುರ ಪೇಟೆಯದೇ ಮೂವತ್ತು ಸಾವಿರ. 1960ರ ದಶಕದ ಮೊದಲಲ್ಲಿ ರಿಚರ್ಡ್ ಬೂತ್ ಎಂಬಾತ ಆ ಊರಿನ ಹಳೆ ಅಗ್ನಿಶಾಮಕ ಠಾಣೆಯಲ್ಲಿ ಹಳೆ ಪುಸ್ತಕ ಇಟ್ಟ. ನೋಡಿ ನೋಡಿ ಇನ್ನೊಬ್ಬ, ಮತ್ತೊಬ್ಬ. ಈಗ ಲೋಕವೆಲ್ಲ ಅದನ್ನು ಪುಸ್ತಕದ ಊರು ಎನ್ನುತ್ತದೆ. ಮಹಾರಾಷ್ಟ್ರದವರು 2017ರಲ್ಲಿ ಸಾತಾರಾ ಜಿಲ್ಲೆಯ ಭಿಲಾರ್ ಎಂಬ ಹಳ್ಳಿಯನ್ನು ಪುಸ್ತಕ ಗ್ರಾಮ ಮಾಡಿದರು. ಸ್ಟ್ರಾಬೆರಿ ಬೆಳೆಯುವವರ ಹಳ್ಳಿ ಅದು. ಸ್ಟ್ರಾಬೆರಿ ಬೆಳೆಯುವಲ್ಲಿ ಆಗುವುದು ಕಾರಂತರು ಬೆಳೆದಲ್ಲಿ ಆಗದೇ?

ಮೊಬೈಲು, ಲೈಬ್ರರಿ, ಅಂಚೆ

"ಎಲ್ಲ ಮೊಬೈಲಲ್ಲೇ ಸಿಗುತ್ತದಲ್ಲ" ಎಂಬ ಮಾತಿಗೂ ಉತ್ತರ ಹೇಳಬೇಕು. ಸಾವಿರಾರು ಹಳೆ ಕನ್ನಡ ಪುಸ್ತಕಗಳ ಫೋಟೋ ಪ್ರತಿ ಅಂತರ್ಜಾಲದಲ್ಲಿ ಧರ್ಮಕ್ಕೆ ಸಿಗುತ್ತಿರುವುದು ನಿಜ, ದೊಡ್ಡ ಉಪಕಾರವೂ ಹೌದು. ಆದರೆ ಆ ಫೋಟೋ ತೆಗೆದದ್ದೂ ಯಾರೋ ಉಳಿಸಿದ ಪ್ರತಿಯಿಂದಲೇ. ಮೇಲಾಗಿ, ಮೊಬೈಲಿನಲ್ಲಿ ಹೆಸರು ಗೊತ್ತಿದ್ದ ಪುಸ್ತಕ ಸಿಗುತ್ತದೆ. ಹೆಸರೇ ಗೊತ್ತಿಲ್ಲದ ಪುಸ್ತಕ ಸಿಗುವುದು ರಾಶಿ ಕೆದಕುವಾಗ ಮಾತ್ರ. ಬಸ್ಸಿಗೆ ಇನ್ನೂ ಹತ್ತು ನಿಮಿಷ ಇದೆ ಎಂದು ಸುಮ್ಮನೆ ಕೈಹಾಕಿದವನಿಗೆ ಜೀವನಪೂರ್ತಿ ಜೊತೆ ಬರುವ ಪುಸ್ತಕ ಸಿಕ್ಕಿಬಿಡುತ್ತದೆ. ಹಳೆ ಪುಸ್ತಕದಂಗಡಿಯ ರುಚಿಯೇ ಅದು.

ಇನ್ನು ಲೈಬ್ರರಿ. 1965ರ ಕಾಯ್ದೆಯ ಪ್ರಕಾರ ಕಟ್ಟಡ ತೆರಿಗೆಯ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ವಸೂಲಾಗುತ್ತದೆ. ಅಂಗಡಿ ಕಟ್ಟಡಕ್ಕೂ ಅದು ತಪ್ಪಿದ್ದಲ್ಲ. ಹಾಗಾದರೆ ಕೇಳುವ ಹಕ್ಕೂ ಇದೆ: ಲೈಬ್ರರಿಗಳಲ್ಲಿ ಹರಿದದ್ದು, ಹೆಚ್ಚಾದದ್ದು ಎಂದು ತೆಗೆದುಹಾಕುವ ಪುಸ್ತಕ ಎಲ್ಲಿಗೆ ಹೋಗುತ್ತದೆ? ತೂಕಕ್ಕೆ ಹಾಕುವ ಮುಂಚೆ ಒಂದು ದಿನ ಬಾಗಿಲ ಹೊರಗೆ ಮೇಜು ಹಾಕಿ, ಹತ್ತು ರೂಪಾಯಿಗೊಂದರಂತೆ ಸಾರ್ವಜನಿಕರಿಗೆ ಕೊಡಲು ಅಡ್ಡಿ ಏನು?

ಪರವೂರಿಗೆ ಕಳುಹಿಸುವುದಕ್ಕೂ ದಾರಿ ಇದೆ. ಅಂಚೆ ಇಲಾಖೆಯ ಹಳೆಯ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತಾಗ ಪುಸ್ತಕದವರೆಲ್ಲ ಕಂಗಾಲಾದರು. 2025ರ ಮೇ ತಿಂಗಳಲ್ಲಿ 'ಜ್ಞಾನ್ ಪೋಸ್ಟ್' ಬಂತು. 300 ಗ್ರಾಮಿಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ ಎಂದು ಶುರುವಿನ ದರ ಕಟ್ಟಿದರು, ತೆರಿಗೆ ಬೇರೆ. ಬೈಂದೂರಿನ ಕಪಾಟಿನ ಪುಸ್ತಕಕ್ಕೆ ಬೆಳಗಾವಿಯಲ್ಲಿ ಗಿರಾಕಿ ಇದ್ದರೆ ತಲುಪಿಸಬಹುದು.

ಆಗಬೇಕಾದ್ದು

ದೊಡ್ಡ ಕಟ್ಟಡ, ಉದ್ಘಾಟನೆ, ಹಾರ-ತುರಾಯಿ ಯಾವುದೂ ಬೇಡ. ಮೂರು ತಾಲೂಕಿನ ಮೂರು ಪೇಟೆಯಲ್ಲಿ ಬಸ್ಸು ನಿಲ್ಲುವ ಹತ್ತಿರದ ಒಂದೊಂದು ಸ್ಟೇಷನರಿ ಅಂಗಡಿಯವರು ಒಂದೊಂದು ಕಪಾಟು ಬಿಡಲಿ. ಗುಜರಿಯವರೊಂದಿಗೆ ಮಾತಾಡಿಕೊಂಡು, ಪುಸ್ತಕ ಬಂದರೆ ಬೇರೆ ಇಡಿ, ಕೆ.ಜಿ.ಗೆ ಐದು ರೂಪಾಯಿ ಹೆಚ್ಚು ಕೊಡುತ್ತೇವೆ ಎನ್ನಲಿ. ಅವರೂ ವ್ಯಾಪಾರಸ್ಥರೇ, ಖಂಡಿತ ಇಡುತ್ತಾರೆ. ಕೋಟೇಶ್ವರದ ಕೊಡಿ ಹಬ್ಬಕ್ಕೆ ಸಾವಿರಗಟ್ಟಲೆ ಜನ ಬಂದು ಕಬ್ಬಿನ ಕೊಡಿ ಹಿಡಿದುಕೊಂಡು ಹೋಗುತ್ತಾರೆ. ಬಳೆ, ಬತ್ತಾಸಿನ ಸಾಲಿನಲ್ಲಿ ಹಳೆ ಪುಸ್ತಕದ ಒಂದು ಚಾಪೆಗೆ ಜಾಗ ಕೊಟ್ಟರೆ ಕಬ್ಬಿನ ಜೊತೆ ಒಂದು ಕಾದಂಬರಿಯೂ ಮನೆಗೆ ಹೋದೀತು.

ಮನೆಯವರ ಕೆಲಸ ಇನ್ನೂ ಸಣ್ಣದು. ಅಟ್ಟ ಇಳಿಸುವಾಗ ಪ್ರತಿ ಪುಸ್ತಕದ ಮೊದಲ ಎರಡು ಪುಟ ತಿರುವಿ ಅಚ್ಚಾದ ಇಸವಿ, ಅಚ್ಚುಕೂಟದ ಹೆಸರು ನೋಡಿ. 1950ಕ್ಕಿಂತ ಹಿಂದಿನದಾದರೆ ಕೈ ತಡೆಯಿರಿ. ಹತ್ತಿರದ ಕಾಲೇಜಿನ ಕನ್ನಡ ಮೇಷ್ಟ್ರಿಗೆ ಒಮ್ಮೆ ತೋರಿಸಿ. ಆಮೇಲೆ ಮಾರುವುದೋ ಕೊಡುವುದೋ ನಿಮಗೆ ಬಿಟ್ಟದ್ದು. ತೋರಿಸುವುದಕ್ಕೆ ದುಡ್ಡು ಬೀಳುವುದಿಲ್ಲ. ತೋರಿಸದೆ ಕಾಂಟಕ್ಕೆ ಹಾಕಿದರೆ ಸಿಗುವುದು ಹೆಚ್ಚೆಂದರೆ ಐದು ರೂಪಾಯಿ.