ನಕಲು ಮತ್ತು ನಿಷ್ಠೆ

ಪಾಣೆಮಂಗಳೂರಿನ ನೇತ್ರಾವತೀ ತೀರದಿಂದ ಗಣಕವಿದ್ಯೆಯನ್ನರಸಿ ಮೂಡುಬಿದಿರೆಯ ಇಂಜಿನಿಯರಿಂಗ್ ಕಾಲೇಜುಗಳಿಗೆ ತೆರಳುವ ಮಕ್ಕಳುಂಟು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಂತೆ ನೂರರಲ್ಲಿ 50 ಅಂಕಗಳು ಕಾಲೇಜಿನ ನಿರಂತರ ಮೌಲ್ಯಮಾಪನಕ್ಕೇ ಮೀಸಲು. ಎಂದ ಮೇಲೆ ಅರ್ಧ ಫಲಿತಾಂಶವು ಅಧ್ಯಾಪಕರ ವಿವೇಕವನ್ನೂ ವಿದ್ಯಾರ್ಥಿಯ ಪ್ರಾಮಾಣಿಕತೆಯನ್ನೂ ಆಶ್ರಯಿಸಿದೆ.

ಗೆಳೆಯನ ಪ್ರೋಗ್ರಾಮಿನಲ್ಲಿ ಹೆಸರುಗಳನ್ನಷ್ಟೇ ಬದಲಿಸಿ ಒಪ್ಪಿಸುವುದು ಸುಲಭ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಗೆಳೆಯನೂ ಬೇಕಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯು ಸಂಶೋಧನ ಪ್ರಬಂಧಗಳಲ್ಲಿ ಶೇಕಡಾ 10ರವರೆಗಿನ ಹೋಲಿಕೆಯನ್ನು ಮನ್ನಿಸುತ್ತದೆ. 60ನ್ನು ಮೀರಿದರೆ ನೋಂದಣಿಯನ್ನೇ ರದ್ದುಗೊಳಿಸುತ್ತದೆ. ಪ್ರೋಗ್ರಾಮಿಗೆ ಈ ಅಳತೆಗೋಲು ಒಗ್ಗದು. ಒಂದೇ ಸಮಸ್ಯೆಗೆ ಬರೆದ ಎರಡು ಪ್ರಾಮಾಣಿಕ ಉತ್ತರಗಳೂ ಒಂದನ್ನೊಂದು ಹೋಲಬಹುದು.

ಹಾಗೆಂದು ನಕಲೆಲ್ಲವೂ ಪಾಪವಲ್ಲ. ಅದೇ ಮೂಡುಬಿದಿರೆಯ ಬಸದಿಯಲ್ಲಿ ಧವಲಾ ಗ್ರಂಥದ ತಾಳೆಗರಿಗಳು ಉಳಿದುಬಂದುದು ಲಿಪಿಕಾರರ ಶ್ರಮದಿಂದ. ಅವರು ಗ್ರಂಥವನ್ನು ತಮ್ಮ ರಚನೆಯೆನ್ನಲಿಲ್ಲ. ಅದರಿಂದಲೇ ಅವರ ನಕಲು ಸೇವೆಯೆನಿಸಿತು. ದೋಷವಿರುವುದು ಮರೆಮಾಚುವಿಕೆಯಲ್ಲಿ.

ಆದುದರಿಂದ ಪಡೆದ ನೆರವನ್ನು ಪ್ರೋಗ್ರಾಮಿನ ಆರಂಭದಲ್ಲಿಯೇ ನಮೂದಿಸುವ ನಿಯಮವಿರಲಿ. ಬಳಿಕ ಅಧ್ಯಾಪಕರು ವಿದ್ಯಾರ್ಥಿಯನ್ನು ಎದುರಿಗೆ ಕೂರಿಸಿ, ಇಂಥ ಸಾಲನ್ನು ಬದಲಿಸಿದರೆ ಫಲವೇನೆಂದು ಕೇಳಲಿ. ಆ ಮೌಖಿಕ ಪರೀಕ್ಷೆಯಲ್ಲಿ ತೋರಿದ ಅರಿವಿಗೇ ಹೆಚ್ಚಿನ ಅಂಕ ಸಲ್ಲಲಿ. ಇದಕ್ಕೆ ಕಾಲ ಹಿಡಿಯುವುದು ದಿಟ. ಆದರೆ ನಾಳೆ ಬ್ಯಾಂಕುಗಳ, ಆಸ್ಪತ್ರೆಗಳ ಗಣಕಗಳನ್ನು ನಡೆಸತಕ್ಕವರು ಇವರೇ. ಅರಿಯದೆ ಗಳಿಸಿದ ಅಂಕವು ಪಟ್ಟಿಯನ್ನು ತುಂಬೀತು, ಹೊಣೆಯನ್ನು ಹೊರಲಾರದು.